ತುರಿಸಿಕೊಳ್ಳಬೇಡ ಎಂದರೆ ಸಾಕೆ?

ಇಸಬಿನಿಂದ ನರಳುವ ಹುಡುಗನಿಗೆ ಮೊದಲು ದೊರೆಯುವ ಔಷಧವೆಂದರೆ ಗದರಿಕೆ. ಮನೆಯವರು ಕೈ ತೆಗೆಯೆನ್ನುತ್ತಾರೆ. ತರಗತಿಯಲ್ಲಿ ಪಕ್ಕದವನು ಬೆಂಚಿನ ಅಂಚಿಗೆ ಸರಿಯುತ್ತಾನೆ. ಇಸಬು ಅಂಟುರೋಗವಲ್ಲವೆಂದು ಅವನಿಗೆ ಹೇಳುವವರಿಲ್ಲ. ರಕ್ತ ಕೆಟ್ಟಿದೆ, ಬದನೆಕಾಯಿ ತಿಂದು ನಂಜಾಗಿದೆ ಎಂಬ ತೀರ್ಪುಗಳು ಮಾತ್ರ ಸಿದ್ಧವಾಗಿರುತ್ತವೆ. ನಂಜು ಇರುವುದೇನೋ ನಿಜ. ಆದರೆ ಅದರಲ್ಲೊಂದು ಪಾಲು ಚರ್ಮದ ಮೇಲೆಯೇ ತಯಾರಾಗುತ್ತದೆ.

ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಗುಂಡನೆಯ ಬ್ಯಾಕ್ಟೀರಿಯ ಎಷ್ಟೋ ಆರೋಗ್ಯವಂತರ ಮೂಗಿನಲ್ಲಿಯೂ ವಾಸಿಸುತ್ತದೆ. ಇಸಬಿನ ರೋಗಿಗಳಲ್ಲಿ ನೂರಕ್ಕೆ ಸುಮಾರು 70 ಮಂದಿಯ ಗಾಯಗಳಲ್ಲಿ ಅದು ಕಾಣಸಿಗುತ್ತದೆ. ಅದು ಸ್ರವಿಸುವ ಡೆಲ್ಟಾ ವಿಷವು ಚರ್ಮದ ಮಾಸ್ಟ್ ಕೋಶಗಳಿಂದ ಉರಿಯೂತದ ರಾಸಾಯನಿಕಗಳನ್ನು ಹೊರಚೆಲ್ಲಿಸುತ್ತದೆಂದು 2013ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತಿಳಿಯಿತು. 2023ರಲ್ಲಿ ಅಮೆರಿಕದ ಹಾರ್ವರ್ಡಿನ ಸಂಶೋಧಕರು ಇನ್ನೂ ಮುಂದೆ ಹೋದರು. ಇದೇ ಬ್ಯಾಕ್ಟೀರಿಯದ ‘ವಿ8’ ಎಂಬ ಕಿಣ್ವವು ನರಕೋಶಗಳ ಮೇಲಿನ ಪಾರ್-1 ಎಂಬ ಪ್ರೋಟೀನನ್ನು ಕತ್ತರಿಸಿ, ನೇರವಾಗಿ ನರವನ್ನೇ ಮೀಟಿ ತುರಿಕೆಯನ್ನು ಹುಟ್ಟಿಸುತ್ತದೆ! ಇಲಿಯಲ್ಲಿ ಕಂಡದ್ದನ್ನು ಮನುಷ್ಯನಿಗೆ ಅನ್ವಯಿಸುವಾಗ ಎಚ್ಚರ ಬೇಕು, ಒಪ್ಪೋಣ. ಆದರೂ ನರವೇ ಕೂಗಿ ಕರೆಯುವಾಗ ಕೈಯನ್ನು ಗದರಿ ಫಲವೇನು?

ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇಲ್ಲಿ ನೆನಪಾಗುವುದು ಕಾಲೇಜು ಸಮಾರಂಭಗಳ ಧ್ವನಿವರ್ಧಕ. ಹೊರಬಂದ ಸದ್ದೇ ಮೈಕನ್ನು ಹೊಕ್ಕು, ವರ್ಧಿಸಿ, ಮತ್ತೆ ಹೊರಬಂದು ಕಿವಿ ಕೊರೆಯುವ ಕೂಗಾಗುತ್ತದೆ. ಇಸಬಿನಲ್ಲಿಯೂ ತುರಿಸಿದಷ್ಟು ಚರ್ಮ ಹರಿಯುತ್ತದೆ. ಹರಿದಲ್ಲಿ ಬ್ಯಾಕ್ಟೀರಿಯ ನುಗ್ಗುತ್ತದೆ. ದೇಹದ ರಕ್ಷಣಾವ್ಯವಸ್ಥೆಯು ಇಂಟರ್‌ಲ್ಯೂಕಿನ್-4, ಇಂಟರ್‌ಲ್ಯೂಕಿನ್-13 ಎಂಬ ಸಂದೇಶವಾಹಕ ಪ್ರೋಟೀನುಗಳನ್ನು ಕಳುಹಿಸುತ್ತದೆ. ಸೋಜಿಗವೆಂದರೆ, ಈ ಸಂದೇಶಗಳು ಚರ್ಮವನ್ನು ಭದ್ರವಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನನ್ನೂ, ಬ್ಯಾಕ್ಟೀರಿಯವನ್ನು ಕೊಲ್ಲುವ ಚರ್ಮದ ಸ್ವಂತ ಪದಾರ್ಥಗಳನ್ನೂ ತಗ್ಗಿಸಿಬಿಡುತ್ತವೆ. ಕಾವಲುಗಾರನೇ ಬಾಗಿಲು ತೆರೆದಂತಾಯಿತು. ಹುಟ್ಟಿನಿಂದಲೇ ಫಿಲಾಗ್ರಿನ್ ಕಡಿಮೆಯಿರುವವರೂ ಉಂಟು. ಅವರ ಪಾಡು ಇನ್ನೂ ಕಷ್ಟ.

ಹಾಗಾದರೆ ಬ್ಯಾಕ್ಟೀರಿಯವನ್ನೆಲ್ಲ ಕೊಂದುಬಿಡೋಣವೆಂದು ಪ್ರತಿಜೀವಕಗಳಿಗೆ ಕೈಚಾಚುವುದು ನಮಗೆ ಒಪ್ಪಿಗೆಯಿಲ್ಲ. ಸೋಂಕು ಬಲಿತಿಲ್ಲದಾಗ ಅವುಗಳಿಂದ ಲಾಭ ಅಲ್ಪ. ಔಷಧಕ್ಕೆ ಬಗ್ಗದ ತಳಿಗಳು ಬೆಳೆಯುವ ಅಪಾಯ ಬೇರೆ. ಮೈಕಿನ ಕೂಗನ್ನು ನಿಲ್ಲಿಸಲು ಸುತ್ತನ್ನು ಎಲ್ಲಿ ಕಡಿದರೂ ಆದೀತು. ಇಂಟರ್‌ಲ್ಯೂಕಿನ್ನುಗಳ ಸಂದೇಶವನ್ನು ತಡೆಯುವ ಡ್ಯೂಪಿಲುಮಾಬ್ ಎಂಬ ಚುಚ್ಚುಮದ್ದಿಗೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬೆಲೆ ಮಾತ್ರ ಸಾಮಾನ್ಯರ ಕೈಗೆ ಎಟುಕುವಂಥದಲ್ಲ. ಸ್ನಾನವಾದೊಡನೆ, ಮೈ ಪೂರ್ತಿ ಆರುವ ಮುನ್ನ, ತೇವವನ್ನು ಹಿಡಿದಿಡುವ ಸಾದಾ ಲೇಪವನ್ನು ದಿನವೂ ಹಚ್ಚುವುದು ಅದೇ ಸುತ್ತನ್ನು ಅಗ್ಗವಾಗಿ ಸಡಿಲಿಸುವ ಉಪಾಯ. ಅಂಗಡಿಯವನು ತಾನಾಗಿ ಕೊಡುವ ಸ್ಟೀರಾಯ್ಡ್ ಮುಲಾಮನ್ನಾದರೋ ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಹಚ್ಚಿದರೆ, ಮೊದಲೇ ಸೋತ ಚರ್ಮ ಇನ್ನಷ್ಟು ತೆಳುವಾಗುತ್ತದೆ.