ನ್ಯಾಯಾಲಯವನ್ನು ಬದಿಗಿಟ್ಟ ಫಲ

2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ಸುಮಾರು 3,000 ಜನರನ್ನು ಬಲಿ ತೆಗೆದುಕೊಂಡ ಸಂಚಿನ ಮುಖ್ಯ ಆಪಾದಿತ ಖಾಲಿದ್ ಶೇಖ್ ಮೊಹಮ್ಮದ್. ಅವನು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಸೆರೆಸಿಕ್ಕಿದ್ದು 2003ರ ಮಾರ್ಚ್‌ನಲ್ಲಿ. ಇಪ್ಪತ್ತೆರಡು ವರ್ಷಗಳ ಮೇಲೆ, 2025ರ ಜುಲೈಯಲ್ಲಿ, ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು ಅವನ ತಪ್ಪೊಪ್ಪಿಗೆಯ ಒಪ್ಪಂದವನ್ನು ತಳ್ಳಿಹಾಕಿದಾಗಲೂ ಮೊಕದ್ದಮೆಯ ಮುಖ್ಯ ವಿಚಾರಣೆ ಆರಂಭವಾಗಿರಲಿಲ್ಲ. ಇಷ್ಟೊಂದು ವಿಳಂಬವೇಕೆ?

ಪರದೇಶಗಳಲ್ಲಿ ಹಿಡಿದವರನ್ನು ಯುದ್ಧಕಾಲದ ಶತ್ರುಗಳೆಂದು ಬಗೆದು, ಸೈನಿಕ ನ್ಯಾಯಮಂಡಳಿಯ ಮುಂದೆ ನಿಲ್ಲಿಸಬೇಕೆಂದು ಅಧ್ಯಕ್ಷ ಬುಷ್ 2001ರ ನವೆಂಬರ್‌ನಲ್ಲಿ ಆಜ್ಞಾಪಿಸಿದರು. 2002ರ ಜನವರಿಯಲ್ಲಿ ಕ್ಯೂಬಾದ ಗ್ವಾಂಟನಾಮೊ ನೌಕಾನೆಲೆಯಲ್ಲಿ ಬಂದೀಖಾನೆ ತೆರೆಯಿತು. ಅದು ಅಮೆರಿಕದ ನೆಲವಲ್ಲ. ಆದುದರಿಂದ ಅಲ್ಲಿನ ಕೋರ್ಟುಗಳ ಕೈ ಇಲ್ಲಿಗೆ ಚಾಚದು ಎಂಬುದು ಸರಕಾರದ ವಾದ.

ಸುಪ್ರೀಂ ಕೋರ್ಟು ಈ ವಾದವನ್ನು ಒಪ್ಪಲಿಲ್ಲ. ಸೆರೆಯನ್ನು ಪ್ರಶ್ನಿಸಿ ಬಂದಿಗಳು ಅರ್ಜಿ ಹಾಕಬಹುದೆಂದು 2004ರಲ್ಲಿ ಹೇಳಿತು. ಸೈನಿಕ ಮಂಡಳಿಗಳ ಅಂದಿನ ರಚನೆ ಜಿನೀವಾ ಒಡಂಬಡಿಕೆಗೆ ವಿರುದ್ಧವೆಂದು 2006ರಲ್ಲಿ ತೀರ್ಪಿತ್ತಿತು. ಅರ್ಜಿಯ ಹಕ್ಕು ಸಂವಿಧಾನದತ್ತವೆಂದು 2008ರಲ್ಲಿ, ಐವರು ಪರವಾಗಿ, ನಾಲ್ವರು ವಿರುದ್ಧವಾಗಿ, ಸಾರಿತು.

ತೀರ್ಪುಗಳಿಂದ ತೊಡಕು ಮಾತ್ರ ತೀರಲಿಲ್ಲ. ಮೂಲ ಕಾರಣ ಬೇರೆಯೇ ಇತ್ತು. ಗ್ವಾಂಟನಾಮೊಗೆ ತರುವ ಮೊದಲು ಅಮೆರಿಕದ ಗುಪ್ತಚರ ಸಂಸ್ಥೆಯು ಈ ಆಪಾದಿತನನ್ನು ರಹಸ್ಯ ಸೆರೆಮನೆಗಳಲ್ಲಿಟ್ಟಿತ್ತು. 2003ರ ಮಾರ್ಚ್ ಒಂದೇ ತಿಂಗಳಲ್ಲಿ 183 ಬಾರಿ ಅವನ ಮುಖದ ಮೇಲೆ ನೀರು ಹೊಯ್ದು ಉಸಿರು ಕಟ್ಟಿಸಲಾಯಿತು. ಹಿಂಸೆಯಿಂದ ಹೊರಟ ಮಾತು ಸಾಕ್ಷ್ಯವಾಗುವುದೇ? ಮುಂದೆ ನೀಡಿದ ಹೇಳಿಕೆಗಳಿಗೂ ಆ ಕಳಂಕ ತಟ್ಟಿತೇ? ವರ್ಷಗಟ್ಟಲೆ ಕಾಲ ಈ ಚರ್ಚೆಯಲ್ಲೇ ಸಂದುಹೋಯಿತು. ಮರಣದಂಡನೆಯನ್ನು ಬಿಟ್ಟುಕೊಟ್ಟು ತಪ್ಪೊಪ್ಪಿಗೆ ಪಡೆಯುವ ಒಪ್ಪಂದವು 2024ರ ಜುಲೈಯಲ್ಲಿ ಆಯಿತು. ಎರಡೇ ದಿನಗಳಲ್ಲಿ ರಕ್ಷಣಾ ಕಾರ್ಯದರ್ಶಿ ಆಸ್ಟಿನ್ ಅದನ್ನು ರದ್ದುಪಡಿಸಿದರು.

ಸೈನಿಕ ಮಂಡಳಿಯ ಪರವಾಗಿಯೂ ಹೇಳುವುದಿದೆ. ರಣರಂಗದಲ್ಲಿ ಸೈನಿಕನು ಪೊಲೀಸನಂತೆ ಮಹಜರು ಬರೆಯುತ್ತ ಕೂರಲಾರ. ಬಹಿರಂಗ ವಿಚಾರಣೆಯಲ್ಲಿ ರಾಷ್ಟ್ರದ ಗುಟ್ಟು ಹೊರಬಿದ್ದೀತು. ಈ ಮಾತು ಪೂರ್ತಿ ಪೊಳ್ಳಲ್ಲ. ಆದರೆ ಗುಪ್ತ ಮಾಹಿತಿಯನ್ನು ಕಾಪಾಡಿಕೊಂಡೇ ವಿಚಾರಣೆ ನಡೆಸಲು ಅಮೆರಿಕದಲ್ಲಿ 1980ರಿಂದಲೂ ಕಾನೂನಿದೆ.

ಸಾಮಾನ್ಯ ನ್ಯಾಯಾಲಯದಿಂದ ಇದು ಆಗದೆನ್ನುವವರು ಎರಡು ಮೊಕದ್ದಮೆಗಳನ್ನು ನೋಡಬೇಕು. ಇದೇ ಆಪಾದಿತನ ಸೋದರಳಿಯ ರಮ್ಜಿ ಯೂಸೆಫ್ 1995ರಲ್ಲಿ ಇಸ್ಲಾಮಾಬಾದಿನಲ್ಲಿ ಸಿಕ್ಕಿಬಿದ್ದ. ನ್ಯೂಯಾರ್ಕಿನ ನ್ಯಾಯಾಲಯ 1998ರ ಜನವರಿಯಲ್ಲಿ ಅವನಿಗೆ ಜೀವಾವಧಿ ಸಜೆ ವಿಧಿಸಿತು. ಪೂರ್ವ ಆಫ್ರಿಕದ ರಾಯಭಾರ ಕಚೇರಿಗಳ ಸ್ಫೋಟದ ಆಪಾದಿತ ಘೈಲಾನಿಯನ್ನು ಗ್ವಾಂಟನಾಮೊದಿಂದಲೇ ನ್ಯೂಯಾರ್ಕಿಗೆ ತರಲಾಯಿತು. ಬಲಾತ್ಕಾರದ ವಿಚಾರಣೆಯಿಂದ ಪತ್ತೆಯಾದ ಸಾಕ್ಷಿಯೊಬ್ಬನನ್ನು ನ್ಯಾಯಾಧೀಶರು ನಿರಾಕರಿಸಿದರು. 2010ರಲ್ಲಿ 280ಕ್ಕೂ ಮಿಕ್ಕಿದ ಆರೋಪಗಳಿಂದ ಅವನು ಪಾರಾದ. ದೊಡ್ಡ ಕೂಗೆದ್ದಿತು. ಆದರೆ ರುಜುವಾತಾದ ಒಂದೇ ಆರೋಪಕ್ಕೆ 2011ರಲ್ಲಿ ಜೀವಾವಧಿ ಸಜೆಯಾಯಿತು. ಖಾಲಿದನನ್ನೂ ನ್ಯೂಯಾರ್ಕಿಗೆ ತರುವ ನಿರ್ಧಾರ 2009ರಲ್ಲಿ ಆಗಿತ್ತು. ರಾಜಕೀಯ ವಿರೋಧಕ್ಕೆ ಮಣಿದು 2011ರಲ್ಲಿ ಅದನ್ನು ಕೈಬಿಡಲಾಯಿತು.

ನಮ್ಮ ದೇಶಕ್ಕೂ ಈ ಪ್ರಶ್ನೆ ಹೊರಗಿನದಲ್ಲ. 2008ರ ಮುಂಬಯಿ ದಾಳಿಯ ಆಪಾದಿತ ತಹವ್ವುರ್ ರಾಣಾನನ್ನು ಅಮೆರಿಕದಿಂದ ಪಡೆಯಲು ಭಾರತ ಹಸ್ತಾಂತರ ಒಪ್ಪಂದದ ದಾರಿ ಹಿಡಿಯಿತು. ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಅವನು ಹೋರಾಡಿದ, ವರ್ಷಗಳು ಹಿಡಿದವು. 2025ರ ಏಪ್ರಿಲ್‌ನಲ್ಲಿ ದಿಲ್ಲಿಗೆ ಬಂದಿಳಿದಾಗ ಅವನು ಕೋರ್ಟುಗಳ ಅನುಮತಿಯ ಮೇಲೆಯೇ ಬಂದಿದ್ದ.

ಭಯೋತ್ಪಾದಕರ ಮೇಲೆ ಕನಿಕರದಿಂದ ನಾವು ಇದನ್ನು ಬರೆಯುತ್ತಿಲ್ಲ. ಮಡಿದವರ ಹೆತ್ತವರು, ಮಡದಿ ಮಕ್ಕಳು ತೀರ್ಪು ಕಾಣದೆ ಮುದುಕರಾಗುತ್ತಿದ್ದಾರೆ, ಕೆಲವರು ತೀರಿಯೂಹೋದರು. ಕಾನೂನನ್ನು ಬದಿಗಿಟ್ಟ ಅಡ್ಡದಾರಿಯಿಂದ ವಂಚಿತರಾದವರಲ್ಲಿ ಮೊದಲಿಗರು ಅವರೇ.