ಕಂಪ್ಲಿ ಬರೆಯಲು ಆರೇ ಕೀಲಿ ಸಾಕು!

ಹೊಸಪೇಟೆಯ ಯುವ ಮಿತ್ರರೇ, ಸಂಡೂರು ಕಂಪ್ಲಿಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ! ಕಂಪ್ಯೂಟರ್ ಕ್ಲಾಸಿಗೆ ಕಾಲಿಟ್ಟ ದಿನದಿಂದ ನಿಮ್ಮ ಕಿವಿಗೆ ಬೀಳುವ ಹೆಸರುಗಳು ಯಾವುವು? ಬಿಲ್ ಗೇಟ್ಸ್, ಸ್ಟೀವ್ ಜಾಬ್ಸ್, ಜುಕರ್‌ಬರ್ಗ್. ದೊಡ್ಡವರೇ, ಅಲ್ಲವೆನ್ನುವುದಿಲ್ಲ. ಆದರೆ ಗಣಕದಲ್ಲಿ ನೀವು ‘ಅವ್ವ’ ಎಂದು ಬರೆಯಲು ದಾರಿ ಮಾಡಿಕೊಟ್ಟವರು ಯಾರು? ಆ ಹೆಸರನ್ನು ನಿಮಗೆ ಯಾರಾದರೂ ಹೇಳಿದ್ದಾರೆಯೇ?

ನಾವು ಹೇಳುತ್ತೇವೆ, ಬರೆದುಕೊಳ್ಳಿ. ಕಿನ್ನಿಕಂಬಳ ಪದ್ಮನಾಭ ರಾವ್. ಕೆ.ಪಿ. ರಾವ್ ಎಂದರೆ ಬಲ್ಲವರು ಬಲ್ಲರು.

ಟೈಪ್‌ರೈಟರ್ ಕಾಲದಲ್ಲಿ ಕನ್ನಡ ಅಕ್ಷರವನ್ನು ತುಂಡು ತುಂಡಾಗಿ ಹೊಡೆಯಬೇಕಿತ್ತು. ಅಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ. ಕನ್ನಡಕ್ಕೆ ಅಕ್ಷರ ಜಾಸ್ತಿ, ಅದು ಕಂಪ್ಯೂಟರಿಗೆ ಒಗ್ಗದು ಎಂದು ಮೂಗು ಮುರಿದವರಿಗೇನು ಕಡಿಮೆಯೇ? ರಾವ್ ಸಮಸ್ಯೆಯನ್ನೇ ತಿರುಗಿಸಿ ಹಾಕಿದರು. ಬೆರಳು ಒತ್ತಬೇಕಾದ್ದು ಉಚ್ಚಾರವನ್ನು, ಆಕಾರವನ್ನಲ್ಲ. ಆಕಾರ ಜೋಡಿಸುವುದು ಯಂತ್ರದ ಕೆಲಸ! ‘ಕಂಪ್ಲಿ’ ಬರೆದು ನೋಡಿ: ಕ, ಸೊನ್ನೆ, ಪ, ಒತ್ತು ಕೊಡುವ ಕೀಲಿ, ಲ, ಇ. ಆರೇ ಕೀಲಿ. ‘ಪ’ದ ಕೆಳಗೆ ‘ಲ’ ತಾನೇ ಹೋಗಿ ಕೂರುತ್ತದೆ. ಇಂಗ್ಲಿಷಿನಲ್ಲಿ ಬರೆದರೂ ಆರೇ ಅಕ್ಷರ! ಹಾಗಿದ್ದ ಮೇಲೆ ವಾಟ್ಸಾಪಿನಲ್ಲಿ ಈ ಕಂಗ್ಲಿಷ್ ಯಾವ ಕರ್ಮಕ್ಕೆ?

ಈ ವಿನ್ಯಾಸವನ್ನು ರಾವ್ ಮಾರಿಕೊಳ್ಳಲಿಲ್ಲ, ಎಲ್ಲರಿಗೂ ಬಿಟ್ಟುಕೊಟ್ಟರು. ಸರ್ಕಾರ ಒಪ್ಪಿದ ಕೀಲಿಮಣೆ, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಎರಡೂ ನಿಂತಿರುವುದು ಇದೇ ತಳಪಾಯದ ಮೇಲೆ. 1996ರಲ್ಲಿ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ ತಂದ ಯು.ಬಿ. ಪವನಜ, ಮಕ್ಕಳು ಕನ್ನಡದ ಆಜ್ಞೆಗಳಲ್ಲೇ ಪ್ರೋಗ್ರಾಂ ಬರೆಯಲೆಂದು ‘ಕನ್ನಡ ಲೋಗೋ’ ಮಾಡಿದರು. 1998ರಲ್ಲಿ ‘ಬರಹ’ ಕೊಟ್ಟ ಶೇಷಾದ್ರಿ ವಾಸು 2022ರಲ್ಲಿ ತೀರಿಕೊಂಡಾಗ ನಮ್ಮಲ್ಲಿ ಎಷ್ಟು ಜನ ಒಂದು ಸಾಲು ಬರೆದೆವು?

ದೂರದವರ ಮಾತು ಬಿಡಿ, ಹಂಪಿಗೆ ಬನ್ನಿ. ಹಂಪಿ ಎಂದರೆ ಬರೀ ಕಲ್ಲಿನ ರಥವೇ? 1991ರಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯ ಅಲ್ಲೇ ಇದೆ. ಪೂರ್ಣಚಂದ್ರ ತೇಜಸ್ವಿ ಅದರ ಬೆನ್ನು ಬಿದ್ದರು, ಹಾಸನದ ತಂತ್ರಜ್ಞರು ಕೈಜೋಡಿಸಿದರು, ವಿಶ್ವವಿದ್ಯಾಲಯ ‘ಕುವೆಂಪು’ ತಂತ್ರಾಂಶ ಹೊರತಂದಿತು. 2007ರಲ್ಲಿ ತೀರಿಕೊಂಡ ಆ ಸಾಹಿತಿ ಮೂಡಿಗೆರೆಯ ಕಾಫಿ ತೋಟದಲ್ಲಿದ್ದವರು, ಎಂಜಿನಿಯರ್ ಅಲ್ಲ. ಅವರಿಗಿದ್ದ ಕಿಚ್ಚು ಬಿ.ಇ. ಸರ್ಟಿಫಿಕೇಟ್ ಹಿಡಿದು ಬೆಂಗಳೂರಿನ ರೈಲು ಹತ್ತುವ ನಮ್ಮ ಹುಡುಗರಿಗೆ ಬೇಡವೇ?

ಬೋರ್ಡುಗಳಿಗೆ ಮಸಿ ಬಳಿಯುವ ನಮ್ಮ ಗೆಳೆಯರಿಗೂ ಒಂದು ಮಾತು. ಕೋಪ ನ್ಯಾಯವೇ. ಆದರೆ ಮಸಿ ಬಳಿದ ಫೋಟೊದ ಕೆಳಗೆ ‘ಜೈ ಕರ್ನಾಟಕ’ವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ? ನಿಮ್ಮ ಬೆರಳಿಗೆ ಯಾರು ಮಸಿ ಬಳಿಯಬೇಕು?

ಕೆಲಸ ಬೇಕಾದಷ್ಟಿದೆ. ಸಂಡೂರಿನ ಅದಿರು ಲಾರಿಯ ಚಾಲಕನಿಗೆ ಕೊಡುವ ತೂಕದ ಚೀಟಿ ಅವನಿಗೆ ಓದಲು ಬರುತ್ತದೆಯೇ, ಕೇಳಿ. ಕಂಪ್ಲಿಯ ಅಕ್ಕಿ ಗಿರಣಿಯ ಬಿಲ್ಲು ಯಾವ ಭಾಷೆಯಲ್ಲಿದೆ, ನೋಡಿ. ಹೊಸಪೇಟೆಯ ಔಷಧಿ ಅಂಗಡಿಯ ರಸೀದಿ? ಕನ್ನಡವಿಲ್ಲದಿದ್ದರೆ ಮಾಲೀಕನನ್ನು ಬೈದು ಬರಬೇಡಿ, ಕನ್ನಡದಲ್ಲಿ ಮುದ್ರಿಸುವ ಪ್ರೋಗ್ರಾಂ ಬರೆದು ಕೈಗಿಡಿ. ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದೆ. ಮೂವತ್ತು ವರ್ಷ ದಾಟಿತು, ಇನ್ನೆಲ್ಲಿಯ ನೆಪ?

ಆಮೇಲೂ ಯಾರಾದರೂ ‘ನಮ್ಮ ಸಿಸ್ಟಮ್ಮಿನ್ಯಾಗ ಕನ್ನಡ ಬರಂಗಿಲ್ರೀ’ ಎಂದರೆ ನಮಗೆ ತಿಳಿಸಿ. ಮಸಿ ಡಬ್ಬಿ ಮನೆಯಲ್ಲಿಟ್ಟು, ಲ್ಯಾಪ್‌ಟಾಪ್ ಹಿಡಿದು ನಿಮ್ಮ ಜೊತೆ ಅವರ ಬಾಗಿಲಿಗೆ ಬರುತ್ತೇವೆ.