ಶಂಕೆಗೆ ಪರೀಕ್ಷೆಯೇ ಮದ್ದು

ಪುಣೆಯಲ್ಲಿ ದುಡಿಯುವ ನಮ್ಮ ತರುಣರಲ್ಲಿ ಕೆಲವರು, ರಕ್ಷಣೆಯಿಲ್ಲದ ಸಂಗದ ಬಳಿಕ ಬರುವ ಜ್ವರ, ಗಂಟಲುನೋವುಗಳಲ್ಲೆಲ್ಲ ಎಚ್.ಐ.ವಿ.ಯನ್ನೇ ಕಂಡು ಒಳಗೊಳಗೇ ಬೇಯುತ್ತಾರೆ. ಲಕ್ಷಣ ನೋಡಿ ಈ ಸೋಂಕನ್ನು ನಿರ್ಣಯಿಸಲಾಗದು, ರಕ್ತಪರೀಕ್ಷೆಯೇ ಪ್ರಮಾಣ. 72 ಗಂಟೆಗಳೊಳಗೆ ವೈದ್ಯರನ್ನು ಕಂಡರೆ ಸೋಂಕು ತಡೆಯಲು 28 ದಿನಗಳ ಔಷಧವುಂಟು. ಗಡುವು ಮೀರಿದ್ದರೂ ಧೃತಿಗೆಡದೆ ಸಸೂನ್ ಮೊದಲಾದ ಸರಕಾರಿ ಆಸ್ಪತ್ರೆಗೆ ಹೋಗಿರಿ. ಪರೀಕ್ಷೆ ಉಚಿತ, ಗುಟ್ಟು ಭದ್ರ. ಆರಂಭದಲ್ಲಿ ಸೋಂಕಿಲ್ಲವೆಂದು ಬಂದರೂ ಮೂರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿರಿ. ಸೋಂಕಿದ್ದರೂ 2004ರಿಂದ ಸರಕಾರವೇ ಔಷಧವನ್ನು ಉಚಿತವಾಗಿ ಕೊಡುತ್ತಿದೆ.

ಬಹುಕಾಲ ಗಲ್ಲೆಯಲ್ಲಿ ಕುಳಿತವನಾಗಿ ಹೋಟೆಲ್ ಮಾಲಿಕರಲ್ಲಿ ಒಂದು ವಿಜ್ಞಾಪನೆ: ಸೋಂಕಿದೆಯೆಂದು ಮಾಣಿಯನ್ನು ಹೊರಗಟ್ಟುವುದು 2017ರ ಕಾನೂನಿಗೆ ವಿರುದ್ಧ, ಧರ್ಮಕ್ಕೂ ವಿರುದ್ಧ. ಆಸ್ಪತ್ರೆಗೆಂದು ಅರ್ಧ ದಿನದ ರಜೆ ಬೇಡಿದವನಿಗೆ ರಜೆ ಕೊಡಿರಿ, ಕಾರಣ ಕೇಳದಿರಿ.